ನೀರಿನ ಮಟ್ಟಕ್ಕೆ ಕೂತು

ಮಳೆಗಾಲ ಬಂತೆಂದರೆ ಮೈಸೂರಿನವರು ಪೇಪರು ಬಿಡಿಸಿ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಮಟ್ಟ 124.80 ಅಡಿ ಮುಟ್ಟಿದ ದಿನ ನಮ್ಮ ಕೃಷ್ಣಮೂರ್ತಿಪುರಂನಲ್ಲಿ ಬಲ್ಲಾಳ್ ಸರ್ಕಲ್ಲಿನಿಂದ ನಂಜುಮಳಿಗೆಯ ತರಕಾರಿ ಗಾಡಿಗಳವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು: ‘ಕಟ್ಟೆ ತುಂಬ್ತಂತೆ.’ ಒಂದು ಗುಂಟೆ ಗದ್ದೆ ಇಲ್ಲದವರಿಗೂ ಅದು ಸ್ವಂತ ಮನೆಯ ಶುಭ ಸಮಾಚಾರ. ಇಷ್ಟು ಅಕ್ಕರೆಯಿಂದ ನೀರಿನ ಲೆಕ್ಕ ಇಡುವ ಊರಿನಲ್ಲಿ, ಆ ನೀರಿನ ಮೇಲೆ ಒಂದು ಗಂಟೆಯನ್ನಾದರೂ ತಮ್ಮ ಕೈಯಿಂದ ಹುಟ್ಟು ಹಾಕಿ ಕಳೆದವರು ಎಷ್ಟು ಮಂದಿ ಇದ್ದಾರೆ? ನಾನು ಐವತ್ತು ದಾಟಿದ ಮೇಲೆ ಕಯಾಕ್ ಹತ್ತಿದವಳು. ಅಲ್ಲಿಂದೀಚೆಗೆ ಈ ಪ್ರಶ್ನೆಯನ್ನು ಬೀದಿಯಲ್ಲಿ, ಮದುವೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಕೇಳುತ್ತಲೇ ಇದ್ದೇನೆ. ಸಿಕ್ಕವರು ಬೆರಳೆಣಿಕೆ.

ನೀರಿಗೆ ಬರವಿರುವ ಸೀಮೆಯಲ್ಲ ನಮ್ಮದು. ಚಾಮರಾಜಪುರಂ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಕಪಿಲೆ ಕಾಣುತ್ತಾಳೆ. ನಂಜನಗೂಡಿನ ಮುಂದೆ 1735ರಲ್ಲಿ ಕಟ್ಟಿದ ಹಳೆಯ ಸೇತುವೆ ಇವತ್ತಿಗೂ ಅವಳ ಮೇಲೆ ನಿಂತಿದೆ. ಉತ್ತರಕ್ಕೆ ಹೋದರೆ ಶ್ರೀರಂಗಪಟ್ಟಣವನ್ನು ಎರಡು ತೋಳಲ್ಲಿ ಬಳಸಿದ ಕಾವೇರಿ. ಪೂರ್ವಕ್ಕೆ ಎರಡೂ ಸೇರುವ ತಿರುಮಕೂಡಲು. ಊರೊಳಗೆ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ. ಆದರೆ ಇವೆಲ್ಲವನ್ನೂ ನಾವು ದಡದಿಂದ ಬಲ್ಲೆವು. ನದಿಗೆ ಹೋಗುವುದು ಮೂರು ಮುಳುಗು ಹಾಕುವುದಕ್ಕೆ, ಬಾಗಿನ ಬಿಡುವುದಕ್ಕೆ, ಪಶ್ಚಿಮವಾಹಿನಿಯಲ್ಲಿ ಅಸ್ಥಿ ವಿಸರ್ಜಿಸುವುದಕ್ಕೆ. ಕೆರೆಗೆ ಹೋಗುವುದು ಸಕ್ಕರೆ ಕಾಯಿಲೆಯ ಡಾಕ್ಟರು ನಡೆಯಲು ಹೇಳಿದ್ದಕ್ಕೆ. ಹುಟ್ಟಿಗೂ ಸಾವಿಗೂ ನೀರು ಬೇಕು, ನಡುವಿನ ಆಯುಷ್ಯದಲ್ಲಿ ಮಾತ್ರ ಅದರ ಹತ್ತಿರ ಸುಳಿಯಬಾರದು ಎಂಬಂತೆ ಬದುಕಿದ್ದೇವೆ.

ನನ್ನ ಮಟ್ಟಿಗೆ ಹತ್ತಿರ ಸುಳಿಯಬಾರದು ಎನ್ನುವುದು ಜಾತಕದಲ್ಲೇ ಇತ್ತು. ‘ನಿಂಗೆ ಜಲಗಂಡ ಇದೆ ಕಣೇ, ನೀರಿನ ಸಹವಾಸ ಬೇಡ’ ಎಂದು ಅಮ್ಮ ನಾನು ಲಂಗ ಹಾಕಿದ ಕಾಲದಿಂದ ಹೇಳುತ್ತಿದ್ದಳು. ಜೋಯಿಸರು ಬರೆದುಕೊಟ್ಟ ಮಾತು. ಆಮೇಲೆ ವಿಚಾರಿಸಿದರೆ ನನ್ನ ಓರಗೆಯ ಎಷ್ಟೋ ಹುಡುಗಿಯರಿಗೆ, ಹುಡುಗರಿಗೂ ಅದೇ ಜಲಗಂಡ. ಕಾವೇರಿ ಕಪಿಲೆಯರ ನಡುವಿನ ಊರಿನಲ್ಲಿ ಮಕ್ಕಳನ್ನು ಬದುಕಿಸಿಕೊಳ್ಳಲು ಹಿರಿಯರು ಕಂಡುಕೊಂಡ ಉಪಾಯ ಅದು ಎಂದು ಈಗ ಅನ್ನಿಸುತ್ತದೆ. ಅವರ ಭಯ ನಿಜವಾದದ್ದೇ. ರಜದಲ್ಲಿ ಹೊಳೆಗೆ ಹೋದ ಹುಡುಗರು ವಾಪಸ್ಸು ಬರಲಿಲ್ಲ ಎಂಬ ಸುದ್ದಿ ನಮ್ಮ ಜಿಲ್ಲೆಯ ಪೇಪರುಗಳಲ್ಲಿ ಪ್ರತಿ ಬೇಸಿಗೆಯೂ ಬರುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ ನನಗೆ ಅಂಥ ಸುದ್ದಿ ಓದುವಾಗ ಹೆಸರುಗಳ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದುವ ಅಭ್ಯಾಸ ಬಂದಿದೆ. ಹಾಗೆ ಓದುತ್ತ ಓದುತ್ತ ನನಗೆ ಒಂದು ವಿಷಯ ಖಚಿತವಾಯಿತು. ಮುಳುಗಿದ ಆ ಮಕ್ಕಳಿಗೆ ಭಯ ಕಡಿಮೆಯಿತ್ತು ಎಂದಲ್ಲ, ಪರಿಚಯ ಇರಲಿಲ್ಲ. ಹೆದರಿಸಿ ಬೆಳೆಸಿದ್ದೆವು, ಕಲಿಸಿ ಬೆಳೆಸಿರಲಿಲ್ಲ.

ನಾನು ಈಜು ಕಲಿತದ್ದು ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ. ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ದೂರ. ಐವತ್ತರ ನಂತರ ಮೈ ಹೇಳಿದ ಹಾಗೆ ಕೇಳುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ, ಸ್ವಲ್ಪ ತಡವಾಗಿ ಕೇಳುತ್ತದೆ ಅಷ್ಟೆ. ಮುಖ ನೀರೊಳಗಿಟ್ಟು ಉಸಿರು ಬಿಡುವುದು ಬಂದ ದಿನ ಅಮ್ಮನ ಫೋಟೋದ ಮುಂದೆ ನಿಂತು ವರದಿ ಒಪ್ಪಿಸಿದೆ. ಅವಳು ಬದುಕಿದ್ದರೆ ಮೊದಲು ಬೈದು ಆಮೇಲೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಕೊಳದ ಗೆಳತಿಯೊಬ್ಬಳು ವರುಣಾ ಕೆರೆಗೆ ಕರೆದುಕೊಂಡು ಹೋದಳು. ತಿರುಮಕೂಡಲು ನರಸೀಪುರದ ರಸ್ತೆಯಲ್ಲಿ ಅರ್ಧ ಗಂಟೆಯ ಹಾದಿ. ಕೆಲವು ವರ್ಷಗಳಿಂದ ಅಲ್ಲಿ ಜಲಕ್ರೀಡೆಯ ಏರ್ಪಾಡಿದೆ. ಮೋಟಾರು ಹಾಕಿದ ಗದ್ದಲದ ಆಟಗಳೂ ಉಂಟು, ಅವು ನನಗೆ ಬೇಡ. ಒಂದು ಮೂಲೆಯಲ್ಲಿ ಕಿತ್ತಳೆ, ಹಳದಿ ಬಣ್ಣದ ಪ್ಲಾಸ್ಟಿಕ್ ಕಯಾಕುಗಳು ಮಗುಚಿ ಬಿದ್ದಿದ್ದವು. ಹತ್ತಡಿ ಉದ್ದ, ಇಬ್ಬರು ಎರಡು ತುದಿ ಹಿಡಿದರೆ ಸುಲಭವಾಗಿ ನೀರಿಗೆ ಒಯ್ಯಬಹುದಾದಷ್ಟು ತೂಕ. ಕೂರುವ ಜಾಗದ ತಳದಲ್ಲಿ ನಾಲ್ಕಾರು ತೂತುಗಳಿದ್ದವು. ದೋಣಿಯ ತಳದಲ್ಲಿ ತೂತು! ಅಲ್ಲಿನ ಹುಡುಗ ನಕ್ಕು ವಿವರಿಸಿದ: ‘ಮೇಡಂ, ಒಳಗೆ ಗಾಳಿ ತುಂಬಿರೋ ಟೊಳ್ಳು ಬೇರೆ, ಈ ತೂತು ಬೇರೆ. ಮೇಲೆ ಬಿದ್ದ ನೀರು ಇದರಲ್ಲಿ ಇಳಿದು ಹೋಗುತ್ತೆ.’ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದು, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿದ. ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದು ಅರ್ಥವಂತೆ. ಆ ಪರೀಕ್ಷೆ ಮಾಡದೆ ಯಾರಾದರೂ ನಿಮ್ಮನ್ನು ನೀರಿಗೆ ಬಿಟ್ಟರೆ ಹೋಗಬೇಡಿ.

ಕೂತ ಮೇಲೆ ಆದದ್ದನ್ನು ಹೇಳಬೇಕು. ದೊಡ್ಡ ದೋಣಿಯಲ್ಲಿ ನೀರು ಕೆಳಗಿರುತ್ತದೆ, ನಾವು ಮೇಲಿರುತ್ತೇವೆ. ಕಯಾಕಿನಲ್ಲಿ ನೀರು ಸೊಂಟದ ಸಮಕ್ಕಿರುತ್ತದೆ. ಕಾಲು ಚಾಚಿ ಕೂತವಳು ಕೈ ಇಳಿಬಿಟ್ಟರೆ ಬೆರಳು ನೀರಿಗೆ ತಾಗುತ್ತದೆ. ದಡದಿಂದ ನೋಡಿದಾಗ ಕೆರೆ ಒಂದು ಹಾಳೆಯ ಹಾಗೆ ಚಪ್ಪಟೆಯಾಗಿತ್ತು. ಇಲ್ಲಿ ಕೂತು ನೋಡಿದರೆ ಅದಕ್ಕೆ ಏರು, ತಗ್ಗು, ತಿರುವು, ಬೇರೆ ಬೇರೆ ಬಣ್ಣ. ಗಾಳಿ ಬರುವ ದಿಕ್ಕಿನಿಂದ ನೀರಿನ ಮೈಮೇಲೆ ಕಪ್ಪಾದ ಒಂದು ಪಟ್ಟಿ ಸರಿದು ಬರುವುದು ಕಾಣುತ್ತದೆ, ಅದು ನಮ್ಮನ್ನು ಮುಟ್ಟಿದ ಮೇಲೆ ಕೆನ್ನೆಗೆ ತಂಪು ತಿಳಿಯುತ್ತದೆ. ನಾಮದಕೋಳಿಗಳು ಕಣ್ಣಿನ ಮಟ್ಟದಲ್ಲೇ ತೇಲುತ್ತಿದ್ದವು. ನೀರುಕಾಗೆಯೊಂದು ಪಕ್ಕದಲ್ಲೇ ಮುಳುಗಿ, ಎಲ್ಲಿ ಏಳುತ್ತದೆಂದು ಕಾಯುತ್ತಿದ್ದರೆ ಬೆನ್ನ ಹಿಂದೆ ಎದ್ದಿತು. ಅಷ್ಟು ವರ್ಷ ಕುಕ್ಕರಹಳ್ಳಿ ಏರಿಯ ಮೇಲೆ ನಡೆದಾಡಿದರೂ ಹಕ್ಕಿಯ ಮುಖವನ್ನು ಅದರ ಎತ್ತರಕ್ಕೆ ಕೂತು ನೋಡಿರಲಿಲ್ಲ.

ಹುಟ್ಟು ಹಾಕುವುದು ತೋಳಿನ ಕೆಲಸ ಎಂದು ಎಲ್ಲರೂ ತಿಳಿಯುತ್ತಾರೆ. ಕಯಾಕಿನ ಹುಟ್ಟಿಗೆ ಎರಡೂ ಕಡೆ ಅಲಗು. ಬಲದ ಅಲಗನ್ನು ಪಾದದ ಹತ್ತಿರ ನೀರಿಗಿಳಿಸಿ ಸೊಂಟದವರೆಗೆ ಎಳೆದು ಎತ್ತಬೇಕು, ಅಷ್ಟರಲ್ಲಿ ಎಡದ್ದು ಇಳಿಯಲು ತಯಾರಾಗಿರುತ್ತದೆ. ತೋಳಿನಿಂದಲೇ ಎಳೆದರೆ ಕಾಲು ಗಂಟೆಗೆ ಭುಜ ಬಿದ್ದುಹೋಗುತ್ತದೆ. ಸೊಂಟದಿಂದ ಮೇಲಿನ ಮೈ ಇಡೀ ತಿರುಗಬೇಕು, ಕಾಲು ದೋಣಿಯನ್ನು ಒತ್ತಬೇಕು, ಕಣ್ಣು ಮಾತ್ರ ದೂರದ ಒಂದು ಮರದ ಮೇಲಿರಬೇಕು. ಕಣ್ಣು ಹುಟ್ಟಿನ ಮೇಲಿದ್ದರೆ ದೋಣಿ ಅಂಕುಡೊಂಕು ಹೋಗುತ್ತದೆ, ಮರದ ಮೇಲಿದ್ದರೆ ತಾನಾಗಿ ನೆಟ್ಟಗಾಗುತ್ತದೆ. ಕೆನೂ ಬೇರೆ ತರಹ. ಅಗಲ, ತೆರೆದ ಹೊಟ್ಟೆ, ಮಂಡಿಯೂರಿ ಕೂತು ಒಂದೇ ಅಲಗಿನ ಹುಟ್ಟು ಹಿಡಿಯಬೇಕು. ಒಂದೇ ಕಡೆ ಎಳೆದರೆ ಮೂತಿ ಇನ್ನೊಂದು ಕಡೆ ತಿರುಗುವುದರಿಂದ ಪ್ರತಿ ಎಳೆತದ ಕೊನೆಯಲ್ಲಿ ಅಲಗನ್ನು ತುಸು ಹೊರಳಿಸಿ ಸರಿಮಾಡಬೇಕು. ಇಬ್ಬರು ಕೂತರೆ ಹಿಂದಿನವರು ದಾರಿ ನೋಡುತ್ತಾರೆ, ಮುಂದಿನವರು ಲಯ ಹಿಡಿಯುತ್ತಾರೆ. ನಾನೂ ನನ್ನ ಯಜಮಾನರೂ ಒಂದೇ ಕೆನೂವಿನಲ್ಲಿ ಕೂತಾಗ ಯಾರು ಹಿಂದೆ ಎನ್ನುವುದು ಮೊದಲೇ ಇತ್ಯರ್ಥವಾಗಿರಬೇಕು. ಈಗ ನಾನು ಹಿಂದೆ.

ಇದು ಹೊರಗಿನಿಂದ ಬಂದ ಹವ್ಯಾಸ ಎನ್ನುವವರಿದ್ದಾರೆ. ಹೊರಗಿನದು ಹೌದು. ಧ್ರುವದ ಹತ್ತಿರದ ಇನ್ಯೂಟ್ ಜನ ಸೀಲ್ ಬೇಟೆಗೆ ಮಾಡಿಕೊಂಡ ದೋಣಿ ಕಯಾಕ್. ಮರ ಬೆಳೆಯದ ನಾಡಿನಲ್ಲಿ, ಕಡಲು ತಂದು ಹಾಕಿದ ಮರದ ತುಂಡು, ಮೂಳೆಗಳಿಂದ ಹಂದರ ಕಟ್ಟಿ ಮೇಲೆ ಸೀಲ್ ಚರ್ಮ ಹೊದಿಸುತ್ತಿದ್ದರು. ಬೇಟೆ ಗಂಡಸರದು, ಆದರೆ ಹನಿ ನೀರು ಒಳಗೆ ಬಾರದಂತೆ ಆ ಚರ್ಮ ಹೊಲಿಯುವ ವಿದ್ಯೆ ಹೆಂಗಸರದು. ಹೊಲಿಗೆ ಬಿಟ್ಟರೆ ಪ್ರಾಣ ಹೋಗುವ ಕಡಲದು. ಇದನ್ನು ಹವ್ಯಾಸ ಮಾಡಿದವನು ಜಾನ್ ಮೆಕ್‌ಗ್ರೆಗರ್ ಎಂಬ ಸ್ಕಾಟಿಷ್ ವಕೀಲ. 1865ರಲ್ಲಿ ‘ರಾಬ್ ರಾಯ್’ ಎಂಬ ಪುಟ್ಟ ದೋಣಿಯಲ್ಲಿ ಯುರೋಪಿನ ನದಿಗಳನ್ನು ಒಬ್ಬನೇ ಸುತ್ತಿ ಮರುವರ್ಷ ಪುಸ್ತಕ ಬರೆದ. ಸರಿಸುಮಾರು ಅದೇ ಕಾಲದಲ್ಲಿ, 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ದಿನಗಳಲ್ಲಿ ನಮ್ಮ ಕುಕ್ಕರಹಳ್ಳಿ ಕೆರೆ ಕಟ್ಟಿದ್ದು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಈ ಆಟ ಪದಕದ ಪಟ್ಟಿಗೆ ಸೇರಿತು. ಹೆಂಗಸರಿಗೆ ಕಯಾಕ್ ಸಿಕ್ಕಿದ್ದು 1948ರಲ್ಲಿ. ಕೆನೂ ಸಿಕ್ಕಿದ್ದು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ! ಐವತ್ತಕ್ಕೆ ಶುರುಮಾಡಿದ್ದು ತಡವಾಯಿತೇ ಎಂದು ಕೇಳುವ ಗೆಳತಿಯರಿಗೆ ನಾನು ಈ ಇಸವಿಗಳನ್ನು ಹೇಳುತ್ತೇನೆ.

ಆದರೆ ಚರ್ಮ ಹೊದಿಸಿದ ದೋಣಿ ಕನ್ನಡಿಗರಿಗೆ ಹೊಸದಲ್ಲವಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ತುಂಗಭದ್ರೆಯಲ್ಲಿ ಆನೆಗೊಂದಿಗೆ ದಾಟಿಸುತ್ತಿದ್ದ ಹರಿಗೋಲುಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿರುವುದು, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ ಎತ್ತುಗಳೂ ದಾಟುವುದು, ಹೋಗುವಾಗ ಗಿರ್ರನೆ ತಿರುಗುತ್ತಲೇ ಹೋಗುವುದು ಎಲ್ಲವನ್ನೂ ಗಮನಿಸಿದ್ದಾನೆ. ಇವತ್ತಿಗೂ ಹಂಪಿ, ತಲಕಾಡು, ಶ್ರೀರಂಗಪಟ್ಟಣಗಳಲ್ಲಿ ಹರಿಗೋಲು ಉಂಟು. ಬಿದಿರ ದೆಬ್ಬೆಯ ಹೆಣಿಗೆ ಹಾಗೆಯೇ ಇದೆ, ಚರ್ಮದ ಬದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು.

ಗಂಜಾಂ ಆಚೆಯ ಸಂಗಮದಲ್ಲಿ ಹರಿಗೋಲು ಹಾಕುವ ಹಿರಿಯರೊಬ್ಬರ ಹತ್ತಿರ ನಾನು ಕಲಿತದ್ದು ಯಾವ ತರಬೇತಿಯಲ್ಲೂ ಸಿಗಲಿಲ್ಲ. ‘ಯಜಮಾನ್ರೇ, ಒಂದ್ಸಲ ನಾನು ಹಾಕ್ಲಾ?’ ಎಂದು ಕೇಳಿದೆ. ಸವಾರಿ ಬಂದ ಹೆಂಗಸು ಹುಟ್ಟು ಕೇಳಿದ್ದು ಅವರಿಗೆ ಹೊಸತು. ‘ಹಿಡೀರವ್ವ’ ಎಂದು ಕೊಟ್ಟರು. ಕಯಾಕಿನ ಅಭ್ಯಾಸದಲ್ಲಿ ನಾನು ಪಕ್ಕದಲ್ಲಿ ಎಳೆದೆ, ಹರಿಗೋಲು ಬುಗುರಿಯಾಯಿತು. ಅವರು ಬೈಯಲಿಲ್ಲ. ‘ನೀರ್ನ ಹೊಡೀಬ್ಯಾಡ್ರವ್ವ, ಮುಂದ್ಕಡೆಯಿಂದ ತಬ್ಕಂಡು ನಿಮ್ಮ ಕಡೆ ಎಳ್ಕಳ್ಳಿ. ಅದೇ ಬತ್ತದೆ’ ಎಂದರು. ಹರಿಗೋಲಿಗೆ ಮುಂದು ಹಿಂದು ಇಲ್ಲ. ನೀವು ಎಲ್ಲಿ ಕೂತು ನೀರನ್ನು ಎಳೆದುಕೊಳ್ಳುತ್ತೀರೋ ಅದೇ ಮುಂದು. ಹುಟ್ಟನ್ನು ಎದುರಿಗೆ ಇಳಿಸಿ ಎಡಕ್ಕೂ ಬಲಕ್ಕೂ ಆಡಿಸುತ್ತ ತನ್ನತ್ತ ಸೆಳೆದಾಗ ಆ ದುಂಡನೆಯ ಭಾರ ಸದ್ದಿಲ್ಲದೆ ಹೊರಟಿತು. ಆಮೇಲೆ ಅವರು ಹೊಳೆಯನ್ನು ತೋರಿಸಿದರು. ಎರಡು ತೋಳು ಕೂಡುವಲ್ಲಿ ನೀರಿನ ಮೇಲೆ ಕಾಣುವ ಒಂದು ನವುರಾದ ಗೆರೆ, ಅದರ ಈಚೆ ನಿಧಾನ, ಆಚೆ ಸೆಳೆತ. ಬಂಡೆ ನೀರೊಳಗೆ ಅಡಗಿದ್ದರೆ ಅದರ ಕೆಳಗಡೆ ಸ್ವಲ್ಪ ದೂರದಲ್ಲಿ ನೀರು ಉಬ್ಬಿ ಮಡಚಿಕೊಳ್ಳುತ್ತದೆ. ನುಣ್ಣಗೆ ಮಿರುಗುವ ಜಾಗ ಸದ್ದು ಮಾಡುವ ಜಾಗಕ್ಕಿಂತ ಹೆಚ್ಚು ಆಳ. ಇದನ್ನೆಲ್ಲ ಆಮೇಲೆ ನಾನು ಪುಸ್ತಕಗಳಲ್ಲಿ ಬಾಣದ ಗುರುತುಗಳ ಚಿತ್ರ ಸಮೇತ ಓದಿದೆ. ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯನಿದ್ದಾನೆ. ತುಂಗಭದ್ರೆಯ ದಡದ ಚೌಡದಾನಪುರದವನು. ಕಾಯಕ ಸೇರಿದ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವನು. ಅವನನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೆ. ಆದರೆ ಅಂಬಿಗರ ಮಕ್ಕಳು ನಮ್ಮ ಸರ್ಕಾರದ ಸಾಹಸ ಕ್ರೀಡಾ ತರಬೇತಿಗಳಲ್ಲಿ ಗುರುಗಳಾಗಿ ಏಕಿಲ್ಲ ಎಂಬ ಪ್ರಶ್ನೆ ಹುಟ್ಟಿದ್ದು ಸಂಗಮದ ಆ ಹರಿಗೋಲಿನಲ್ಲಿ ಕೂತ ಮೇಲೆ. ಪ್ರವಾಸೋದ್ಯಮದವರು ನದಿಗೆ ಹೊಸ ದೋಣಿ ತರುವಾಗ ಆ ದಡದ ಹಳೆಯ ದೋಣಿಯವರನ್ನು ಮೊದಲು ಕರೆಯಬೇಕು. ಸೀತಾ ನದಿ ಕಡಲು ಸೇರುವ ಕಡೆ, ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ, ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸುವುದನ್ನು ನೋಡಿದಾಗ ಇದು ನನಗೆ ಇನ್ನಷ್ಟು ಖಾತ್ರಿಯಾಯಿತು. ಯಾವ ಹೊತ್ತಿಗೆ ಉಬ್ಬರ, ಯಾವ ಹೊತ್ತಿಗೆ ಇಳಿತ, ಯಾವ ಓಣಿಯಲ್ಲಿ ನೀರು ನಿಲ್ಲುತ್ತದೆ ಎಂದು ಹುಟ್ಟಿದಾಗಿನಿಂದ ಬಲ್ಲವರು ಜೊತೆಗಿದ್ದರೆ ಹೊಸಬರಿಗೆ ಭಯವಿಲ್ಲ.

ಸರಿಯಾಗಿ ಕಲಿಯಬೇಕೆಂದು ನಾನು ಹೋದದ್ದು ಹೊನ್ನೆಮರಡುವಿಗೆ. ಮೈಸೂರಿನಿಂದ ತಾಳಗುಪ್ಪಕ್ಕೆ ನೇರ ರೈಲಿದೆ. ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಸಾಗರ ದಾಟಿ ಹಳಿ ಮುಗಿಯುವಲ್ಲಿ ಇಳಿಯುತ್ತೇವೆ. ಅಲ್ಲಿಂದ ಒಂದಿಷ್ಟು ದೂರ ಕಾಡಿನ ದಾರಿ, ಆಮೇಲೆ ಶರಾವತಿಯ ಹಿನ್ನೀರು. ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿತೊ ಕಾಮ್ದಾರ್ ದಂಪತಿ ದಶಕಗಳಿಂದ ಅಲ್ಲಿ ನೀರಿನ ವಿದ್ಯೆ ಕಲಿಸುತ್ತ ಬಂದಿದ್ದಾರೆ. ಆ ದಡದಲ್ಲಿ ದೋಣಿಗೆ ಮೊದಲು ನೀರು. ಜಾಕೆಟ್ ತೊಟ್ಟು ಸುಮ್ಮನೆ ತೇಲಬೇಕು, ಮೈ ಹಗುರ ಬಿಡಬೇಕು, ಜಾಕೆಟ್ಟನ್ನು ನಂಬಲು ಕಲಿಯಬೇಕು. ಆಮೇಲೆ ದೋಣಿ ಮಗುಚುವ ಪಾಠ. ಬೇಕೆಂದೇ ಒಂದು ಕಡೆ ವಾಲಿ ಮಗುಚಿಕೊಳ್ಳುವುದು. ಕಿವಿಯೊಳಗೆ ನೀರಿನ ಗುಂಯ್ ಸದ್ದು, ಹಸಿರು ಮಬ್ಬು ಬೆಳಕು, ಜಾಕೆಟ್ಟು ತಾನೇ ಮೇಲಕ್ಕೆ ಎತ್ತುತ್ತದೆ. ಒಂದು ಕೈ ಹುಟ್ಟಿನ ಮೇಲೆ, ಇನ್ನೊಂದು ದೋಣಿಯ ಮೇಲೆ, ಯಾವುದನ್ನೂ ಬಿಡಬಾರದು. ದೋಣಿಯನ್ನು ಸರಿಗೆ ತಿರುಗಿಸಿ, ಅದರ ನಡು ಭಾಗಕ್ಕೆ ಬಂದು, ಕಾಲು ಬಡಿದು ಎದೆಯನ್ನು ಅಡ್ಡ ಹಾಕಬೇಕು. ಮೊದಲು ಹೊಟ್ಟೆ, ಆಮೇಲೆ ಮಗ್ಗುಲು, ಆಮೇಲೆ ಕೂರುವುದು. ನಿಂತು ಹತ್ತಲು ಹೋದರೆ ಮತ್ತೆ ಮಗುಚುತ್ತದೆ. ಇದು ಮೈಗೆ ಬಂದ ಮೇಲೆ ಜಾತಕದ ಜಲಗಂಡ ನನ್ನ ತಲೆಯಿಂದ ಹೋಯಿತು.

ಆ ಹಿನ್ನೀರಿನಲ್ಲಿ ಹುಟ್ಟು ಹಾಕುವುದು ಬರೀ ಸಂತೋಷದ ವಿಷಯವಲ್ಲ. ಸುತ್ತ ಕಾಣುವ ದ್ವೀಪಗಳು ಹಿಂದೆ ಗುಡ್ಡದ ನೆತ್ತಿಗಳು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ನೀರು 1819 ಅಡಿಯ ಮಟ್ಟಕ್ಕೆ ಏರಿದಾಗ ಅಡಿಕೆ ತೋಟ, ಗದ್ದೆ, ಮನೆ, ದೇವಸ್ಥಾನ ಎಲ್ಲ ಕೆಳಗೆ ಉಳಿದವು. ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಮಳೆ ಸೋತ ವರ್ಷದ ಬೇಸಿಗೆಯಲ್ಲಿ ಅದು ಮೇಲೆದ್ದು ಕಾಣುತ್ತದೆ. ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದದ್ದು ಈ ಸೀಮೆಯ ಸಂಕಟದಿಂದಲೇ. ನಾಡಿಗೆಲ್ಲ ವಿದ್ಯುತ್ ಕೊಟ್ಟ ಜನ ತಮ್ಮ ಆಸ್ಪತ್ರೆಗೆ, ಶಾಲೆಗೆ ಲಾಂಚಿಗಾಗಿ ಕಾದು ನಿಂತರು. ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಮಧ್ಯಾಹ್ನದ ಗಾಳಿ ಏಳುವ ಮೊದಲು, ನೀರು ಕದಲದೆ ನಿಂತಿದ್ದಾಗ, ನಮ್ಮ ದೋಣಿಯ ಪಕ್ಕದಲ್ಲಿ ಒಣಗಿದ ಮರದ ಬೊಡ್ಡೆಗಳು ತಲೆಯೆತ್ತಿ ನಿಂತಿದ್ದವು. ಹುಟ್ಟನ್ನು ಸದ್ದಾಗದಂತೆ ಇಳಿಸಬೇಕೆಂದು ಯಾರೂ ಹೇಳಲಿಲ್ಲ, ಎಲ್ಲರೂ ಹಾಗೆಯೇ ಇಳಿಸಿದೆವು. ಕೆಳಗೆ ಯಾರದೋ ಅಂಗಳವಿದೆ ಎಂದು ತಿಳಿದು ಮೇಲೆ ಹೋಗುವುದು ನದಿಗೆ ತೋರಿಸಬೇಕಾದ ಮರ್ಯಾದೆ.

ಅಪಾಯದ ಮಾತನ್ನೂ ಬಿಚ್ಚಿ ಹೇಳಬೇಕು. ನಮ್ಮ ಕಡೆಯ ಕಾವೇರಿಯಲ್ಲಿ ಅತಿ ಮೋಸದ ಜಾಗ ಅಣೆ. ಬಲಮುರಿಯಲ್ಲಿ ನೀರು ತೆಳ್ಳಗೆ ಇಳಿಯುವುದನ್ನು ಕಂಡು ಪಿಕ್ನಿಕ್ಕಿನವರು ಇಳಿಯುತ್ತಾರೆ. ಅಣೆಯ ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ, ಮುಂದೆ ಎದ್ದು, ಮತ್ತೆ ಅಣೆಯ ಕಡೆಗೇ ವಾಪಸ್ಸು ಸುತ್ತುತ್ತದೆ. ಸಿಕ್ಕಿದವರನ್ನು ಅದು ಬಿಡುವುದಿಲ್ಲ, ಒಳ್ಳೆಯ ಈಜುಗಾರನನ್ನೂ ಜಾಕೆಟ್ ತೊಟ್ಟವನನ್ನೂ ಸುತ್ತಿಸುತ್ತದೆ. ಮೇಲಿನಿಂದ ದೋಣಿಯಲ್ಲಿ ಬರುವವರಿಗೆ ಅಣೆ ಕಾಣುವುದೇ ಇಲ್ಲ, ನೀರು ಅಲ್ಲಿಗೆ ಮುಗಿದ ಹಾಗೆ ಒಂದು ನೇರ ಗೆರೆ ಕಾಣುತ್ತದೆ ಅಷ್ಟೆ. ಆ ಗೆರೆ ಕಂಡರೆ ದಡಕ್ಕೆ ಬಂದು ದೋಣಿ ಹೊತ್ತು ದಾಟಬೇಕು. ಆಷಾಢ, ಶ್ರಾವಣದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟಾಗ ನದಿಯ ಮಾತೇ ಬೇಡ. ಆಗ ರಂಗನತಿಟ್ಟಿನಲ್ಲಿ ಅನುಭವಸ್ಥ ಅಂಬಿಗರೇ ದೋಣಿ ಕಟ್ಟಿಹಾಕುತ್ತಾರೆ. ಜೊತೆಗೆ ಕಾವೇರಿಯಲ್ಲಿ ಮೊಸಳೆಗಳಿವೆ, ಅದು ಅವುಗಳ ಮನೆ.

ಹಕ್ಕಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ. ರಂಗನತಿಟ್ಟನ್ನು ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮ ಮಾಡಿದರು, ಅಲ್ಲಿ ನಮ್ಮ ದೋಣಿಗೆ ಕೆಲಸವಿಲ್ಲ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಅಷ್ಟು ದೂರದಿಂದ ಬಂದ ಅತಿಥಿಯನ್ನು ಒಂದು ಕಿತ್ತಳೆ ಬಣ್ಣದ ದೋಣಿ ಬೆದರಿಸಿ ಎಬ್ಬಿಸಬಾರದು. ಕುಕ್ಕರಹಳ್ಳಿಯ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ನಮ್ಮ ಮನೆಗೆ ಹತ್ತಿರದ ಕೆರೆ ಅದು, ಅಲ್ಲಿ ಕಯಾಕ್ ಬಿಟ್ಟರೆ ನನಗೇ ಎಲ್ಲರಿಗಿಂತ ಅನುಕೂಲ. ಆದರೂ ಬೇಡ. ಆ ಕೆರೆ ನಡೆಯುವವರಿಗೂ ಹಕ್ಕಿಗಳಿಗೂ ಇರಲಿ. ನೀರಿನ ಮೇಲೆ ಹೋಗುವ ಹವ್ಯಾಸ ಇರುವವರೇ ಎಲ್ಲಿ ಹೋಗಬಾರದು ಎಂದು ಮೊದಲು ಹೇಳಬೇಕು.

ಹೋಗಬಹುದಾದ ನೀರೂ ಬೇಕಾದಷ್ಟಿದೆ. ಭೋಪಾಲದವರು ತಮ್ಮ ಊರ ಕೆರೆಯ ನೀರಿನಲ್ಲಿ ಏನು ಮಾಡಿದರು ನೋಡಿ. ಗ್ವಾಲಿಯರ್‌ನ ಪ್ರಾಚಿ ಯಾದವ್ ಕಾಲುಗಳಲ್ಲಿ ಬಲವಿಲ್ಲದ ಹುಡುಗಿ. ಅಲ್ಲಿ ಬಂದು ಹುಟ್ಟು ಹಿಡಿದು ಟೋಕಿಯೊ ಪ್ಯಾರಾಲಿಂಪಿಕ್ಸಿನ ಫೈನಲ್ ತಲುಪಿದಳು, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಳು. ದಡದಲ್ಲಿ ಗಾಲಿಕುರ್ಚಿ, ನೀರಿನಲ್ಲಿ ಎಲ್ಲರ ಸಮ. ನೀರು ಯಾರಿಗೆ ಏನು ಕೊಡುತ್ತದೆ ಎಂದು ನಾವು ದಡದಲ್ಲಿ ನಿಂತು ತೀರ್ಮಾನಿಸುವ ಹಾಗಿಲ್ಲ. ಮೈಸೂರಿನಲ್ಲಿ ಅಂಥ ಮಕ್ಕಳು ಇಲ್ಲವೇ? ಅಶೋಕಪುರಂನಲ್ಲಿ, ವಿದ್ಯಾರಣ್ಯಪುರಂನಲ್ಲಿ, ವರುಣೆಯ ಸುತ್ತಿನ ಹಳ್ಳಿಗಳಲ್ಲಿ ಗಟ್ಟಿ ತೋಳಿನ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಇಂದು ಕೆರೆಯಲ್ಲಿ ಅರ್ಧ ಗಂಟೆ ದೋಣಿ ಹಾಕಲು ಕೊಡಬೇಕಾದ ಹಣ ಆ ಮನೆಗಳಿಗೆ ಭಾರ. ಕಾರಂಜಿಕೆರೆಯ ಪೆಡಲ್ ದೋಣಿಯಲ್ಲಿ ವರ್ಷಕ್ಕೊಂದು ಸುತ್ತು ಹಾಕಿದರೆ ಯಾರೂ ನೀರು ಕಲಿಯುವುದಿಲ್ಲ. ಹಕ್ಕಿಗೆ ತೊಂದರೆಯಾಗದ ಒಂದು ಕೆರೆಯ ಒಂದು ಮೂಲೆ, ಹತ್ತು ದೋಣಿ, ಸರಿಯಾದ ಅಳತೆಯ ಜಾಕೆಟ್ಟುಗಳು, ಕಲಿಸಲು ಒಬ್ಬ ತರಬೇತಾದವರು, ಅವರ ಜೊತೆ ನದಿ ದಡದ ಒಬ್ಬ ಅಂಬಿಗರು. ಸರ್ಕಾರಿ ಶಾಲೆಯ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಉಚಿತ. ಅರಮನೆಗೆ ದೀಪ ಹಾಕುವ ಊರಿಗೆ ಇದು ದೊಡ್ಡ ಖರ್ಚಲ್ಲ. ನಗರಪಾಲಿಕೆಯವರೂ ಕ್ರೀಡಾ ಇಲಾಖೆಯವರೂ ಮನಸ್ಸು ಮಾಡಿದರೆ ಆಗುವ ಕೆಲಸ.

ಅದು ಆಗುವವರೆಗೆ ಕಾಯಬೇಕಾಗಿಲ್ಲ. ಚಳಿಗಾಲದ ಬೆಳಗ್ಗೆ ಏಳಕ್ಕೆ ಹೊರಡಿ, ಗಾಳಿ ಏಳುವ ಮೊದಲು ದಡ ಸೇರಿ, ಒಬ್ಬರೇ ಹೋಗಬೇಡಿ. ಸೀರೆ, ಜೀನ್ಸ್ ಬೇಡ, ಬೇಗ ಒಣಗುವ ಬಟ್ಟೆ ಇರಲಿ. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ. ಮನೆಯಲ್ಲಿ ಎಂಟು ಹತ್ತು ವರ್ಷದ ಮಗುವಿದ್ದರೆ, ಅದರ ಜಾತಕದಲ್ಲಿ ಏನೇ ಬರೆದಿರಲಿ, ಬರುವ ಬೇಸಿಗೆ ರಜದಲ್ಲಿ ಈಜುಕೊಳಕ್ಕೆ ಹೆಸರು ಬರೆಸಿ. ಜೊತೆಗೆ ನಿಮ್ಮದನ್ನೂ ಬರೆಸಿ.